ಮಹಜರಿನ ಎರಡನೇ ಸಹಿ

ನನ್ನ ಸಹಿ ನೋಡಲು ಚೆಂದ. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಸುಮಾರು ಮೂವತ್ತು ವರ್ಷ ಮೇಷ್ಟರಾಗಿದ್ದವನ ಸಹಿ ಹಾಗೆ ಇರಲೇಬೇಕು. ಅಂಕಪಟ್ಟಿ, ಹಾಜರಿ ಪುಸ್ತಕ, ವಿದ್ಯಾರ್ಥಿವೇತನದ ಅರ್ಜಿ, ಬಿಸಿಯೂಟದ ಅಕ್ಕಿ ಬಂದ ಚೀಟಿ, ಜನಗಣತಿ, ಚುನಾವಣೆ, ಎಲ್ಲದಕ್ಕೂ ನಮ್ಮದೊಂದು ಸಹಿ ಬೇಕು. ಹಳ್ಳಿಯಲ್ಲಿ ಮೇಷ್ಟರ ಸಹಿ ಊರ ಬಾವಿಯ ನೀರಿದ್ದಂತೆ, ಬಂದವರು ಸೇದಿಕೊಂಡು ಹೋಗುತ್ತಾರೆ. ನನ್ನ ಶಾಲೆ ಇರುವುದು ಕೊಕ್ಕನೂರಿನ ಆಚೆಗಿನ ಒಂದು ಹಳ್ಳಿಯಲ್ಲಿ, ಮನೆ ಹರಿಹರದಲ್ಲಿ. ಸಮಾಜ ವಿಜ್ಞಾನ ನನ್ನ ವಿಷಯ. ನ್ಯಾಯಾಂಗದ ಪಾಠವನ್ನು ವರ್ಷಾ ವರ್ಷ ಮಾಡಿದ್ದೇನೆ. ಆದರೆ ಪಾಠಕ್ಕಿಂತ ಹೆಚ್ಚಾಗಿ ಮಕ್ಕಳ ತಲೆಗೆ ತುಂಬಿದ್ದು ಒಂದೇ ಮಾತು. ಯಾವ ಕಾಗದವೇ ಕೈಗೆ ಬರಲಿ, ಮೊದಲಿನಿಂದ ಕೊನೆಯವರೆಗೆ ಓದದೆ ಪೆನ್ನು ಎತ್ತಬೇಡಿ.

ಕೆಲವು ವರ್ಷಗಳ ಹಿಂದೆ ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯೊಂದರಲ್ಲಿ ಹಾಡಹಗಲೇ ತಾಯಿ ಮತ್ತು ಏಳು ವರ್ಷದ ಮಗಳ ಕೊಲೆಯಾಯಿತು. ಮೈಮೇಲಿನ ಬಂಗಾರ ಹೋಗಿತ್ತು. ನಾಲ್ಕನೇ ದಿನ ಒಬ್ಬನನ್ನು ಹಿಡಿದರು. ಹಿಂದಿನ ತಿಂಗಳು ಆ ಮನೆಗೆ ಬಣ್ಣ ಬಳಿದು ಹೋದವನು, ನಮ್ಮ ಶಾಲೆ ಇರುವ ಹಳ್ಳಿಯವನೇ. ಅವನ ಮಗಳು ನಮ್ಮ ಶಾಲೆಗೆ ಎಂಟನೇ ತರಗತಿಗೆ ಆಗಷ್ಟೇ ಸೇರಿದ್ದಳು. ಟಿ.ವಿ.ಯವರು ಅವನ ಮನೆಯ ಬೀಗವನ್ನೇ ದಿನವಿಡೀ ತೋರಿಸಿದರು. ದಾವಣಗೆರೆ ಒಂದು ದಿನ ಬಂದ್ ಆಯಿತು. ಅವನ ಪರವಾಗಿ ಯಾರೂ ವಾದಿಸಬಾರದೆಂದು ವಕೀಲರೇ ತೀರ್ಮಾನ ಮಾಡಿದರು ಎಂದು ಸುದ್ದಿಯಾಯಿತು. ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟರು, "ವಿಚಾರಣೆ ಯಾಕ್ ಬೇಕ್ರಿ ಇಂಥವ್ರಿಗೆ? ನೇರ ನೇಣಿಗೆ ಹಾಕ್ಬೇಕು" ಎಂದರು. ನಾನು ಬರೀ ಹೂಂಗುಟ್ಟಲಿಲ್ಲ. "ಒಳಗಿಟ್ಕೊಂಡು ಅನ್ನ ಹಾಕೋದು ದಂಡ" ಎಂದು ಸೇರಿಸಿದವನು ನಾನೇ. ನ್ಯಾಯಾಂಗದ ಪಾಠ ಅವತ್ತು ನನಗೆ ನೆನಪಿರಲಿಲ್ಲ.

ಅದರ ಮರುದಿನವೇ ನನಗೆ ಫೋನ್ ಬಂತು. ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಹೆಡ್ ಕಾನ್‌ಸ್ಟೆಬಲ್. "ಸರ್, ಪಂಚರಾಗಿ ಬರ್ಬೇಕಿತ್ತು. ಕಾಲುವೆ ಸೇತುವೆ ಹತ್ರ ಹತ್ತು ಗಂಟೆಗೆ ಬಂದ್ಬಿಡ್ರಿ" ಎಂದ. ಪೊಲೀಸರು ಏನನ್ನಾದರೂ ಜಪ್ತಿ ಮಾಡುವಾಗ ಹೊರಗಿನವರಿಬ್ಬರು ಕಣ್ಣಾರೆ ಕಂಡು ಸಹಿ ಹಾಕಬೇಕು. ಆ ಇಬ್ಬರು ಪಂಚರು, ಆ ಬರಹ ಮಹಜರು. ಸರ್ಕಾರಿ ನೌಕರನ ಸಹಿಯಾದರೆ ಕೋರ್ಟಿನಲ್ಲಿ ತೂಕ ಜಾಸ್ತಿ ಎಂದು ನಮ್ಮಂಥವರನ್ನೇ ಹುಡುಕುತ್ತಾರೆ. ಸಿಕ್ಕಿದಲ್ಲೆಲ್ಲ ಕಾಲು ಮುಟ್ಟಿ ನಮಸ್ಕರಿಸುವ ಹುಡುಗ ಕೇಳಿದರೆ ಇಲ್ಲ ಎನ್ನುವುದು ಹೇಗೆ?

ಹತ್ತಕ್ಕೆ ಹೋಗಲಾಗಲಿಲ್ಲ. ಶಾಲೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆ, ಪ್ರಶ್ನೆಪತ್ರಿಕೆಯ ಕಟ್ಟು ನಾನೇ ಒಡೆಯಬೇಕಿತ್ತು. ನಾನು ಸೇತುವೆ ಮುಟ್ಟಿದಾಗ ಹನ್ನೊಂದೂಕಾಲು. ಜೀಪು ಹೊರಡಲು ತಯಾರಾಗಿತ್ತು. ಒಳಗೆ ದಿನಪತ್ರಿಕೆಯ ಮೇಲೆ ಒಂದು ಮಚ್ಚು. ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿತ್ತು. ಹಿಂದಿನ ಸೀಟಿನಲ್ಲಿ ಆ ಬಣ್ಣ ಬಳಿಯುವವನು ತಲೆ ತಗ್ಗಿಸಿ ಕುಳಿತಿದ್ದ. ಉಗುರುಗಳ ಸುತ್ತ ಬಿಳಿ ಬಣ್ಣ ಒಣಗಿತ್ತು.

"ತಡ ಆಯ್ತು ಅಂತ ಮುಗಿಸಿಬಿಟ್ವಿ ಸರ್. ಜಾಲಿ ಪೊದೆಯಿಂದ ಅವನೇ ತೆಗೆದುಕೊಟ್ಟ. ನೀವು ಒಂದ್ ಸಹಿ ಹಾಕಿಬಿಡ್ರಿ, ಬಿಸ್ಲಾಗೆ ಯಾಕ ನಿಲ್ತೀರಿ" ಎಂದ ನನ್ನ ವಿದ್ಯಾರ್ಥಿ.

ಮೊದಲನೇ ಪಂಚ ಊರಿನ ಕಿರಾಣಿ ಅಂಗಡಿಯವರು. ಅವರ ಸಹಿ ಆಗಲೇ ಬಿದ್ದಿತ್ತು. ನೀವು ನೋಡಿದ್ರೇನ್ರಿ ಎಂದು ಅವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ತಡವಾಗಿ ಬಂದದ್ದು ನಾನು, ಆ ನಾಚಿಕೆಯೇ ದೊಡ್ಡದಾಗಿತ್ತು. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಮೂರು ಪುಟಕ್ಕೆ ಮೂರು ಸಹಿ ಹಾಕಿದೆ. ಮಚ್ಚು ಸುತ್ತಿದ ಬಟ್ಟೆಯ ಮೇಲೆ ಅಂಟಿಸುವ ಚೀಟಿಗೆ ಇನ್ನೊಂದು. ಓದಲಿಲ್ಲ. ಬಾನೆಟ್ ಕಾದಿತ್ತು, ಅಂಗೈ ಚುರುಕ್ ಎಂದಿತು ಎಂಬುದು ಮಾತ್ರ ನೆನಪಿದೆ.

ಎರಡು ವರ್ಷಗಳ ಮೇಲೆ ಶಾಲೆಗೆ ಸಮನ್ಸ್ ಬಂತು. ಅಷ್ಟರಲ್ಲಿ ಕಿರಾಣಿ ಅಂಗಡಿಯವರು ಎದೆನೋವಿನಿಂದ ತೀರಿಕೊಂಡಿದ್ದರು. ಮಚ್ಚು ಸಿಕ್ಕಿದ್ದನ್ನು ಹೇಳಲು ಹೊರಗಿನವನಾಗಿ ಉಳಿದವನು ನಾನೊಬ್ಬನೇ. ಕೋರ್ಟಿಗೆ ಹೋದರೆ ಇವತ್ತಿಲ್ಲ ನಾಳೆ ಬನ್ನಿ ಎಂದು ಮೂರು ಸಲ ವಾಪಸ್ ಕಳಿಸಿದರು. ಪ್ರತಿ ಸಲವೂ ನನಗೆ ಪರೀಕ್ಷೆ ಮುಂದೆ ಹೋದ ಹುಡುಗನ ಖುಷಿ. ನಾಲ್ಕನೇ ಸಲ ತಪ್ಪಲಿಲ್ಲ. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ನನ್ನ ವಿದ್ಯಾರ್ಥಿ ಮಹಜರಿನ ನಕಲನ್ನು ನನಗೆ ಓದಿಸಿದ. ಸೇತುವೆಯಿಂದ ಎಷ್ಟು ಹೆಜ್ಜೆ, ಪೊದೆ ಯಾವ ದಿಕ್ಕಿಗೆ, ಆರೋಪಿ ಯಾವ ಕೈಯಿಂದ ತೆಗೆದ. ಎರಡು ವರ್ಷದ ಮೇಲೆ ಅದನ್ನು ಮೊದಲ ಸಲ ಪೂರ್ತಿ ಓದಿದೆ. ನಾನು ಕಾಣದ್ದನ್ನೆಲ್ಲ ನಾನೇ ಕಂಡಂತೆ ಬರೆದಿತ್ತು.

"ನಾನು ಬಂದಾಗ ಎಲ್ಲ ಮುಗಿದಿತ್ತಲ್ಲಪ್ಪ" ಎಂದೆ.

"ಅದನ್ನೆಲ್ಲ ಯಾರು ಕೇಳ್ತಾರೆ ಸರ್. ನಾವೇನು ಸುಳ್ಳು ಬರ್ದಿಲ್ಲ, ಅವನು ತೆಗೆದುಕೊಟ್ಟಿದ್ದು ಖರೆ ಐತೆ. ನೀವು ತಡ ಮಾಡಿದ್ರಿ ಅಷ್ಟೇ."

ಅಷ್ಟರಲ್ಲಿ ಸತ್ತ ಹೆಣ್ಣುಮಗಳ ಗಂಡ ಹತ್ತಿರ ಬಂದರು. ಅವರನ್ನು ಟಿ.ವಿ.ಯಲ್ಲಿ ಮಾತ್ರ ನೋಡಿದ್ದೆ. ಅಂಗಿ ಇಸ್ತ್ರಿ ಆಗಿತ್ತು, ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡು, "ಮೇಷ್ಟ್ರೇ, ನೀವು ಬಂದ್ರಲ್ಲ, ಸಾಕು" ಎಂದರು. ಬಹಳ ಹೊತ್ತು ಕೈ ಬಿಡಲಿಲ್ಲ. ಆ ಕೈ ಹಿಡಿದವರ ಮುಂದೆ ನಿಂತು, ನಾನು ಕಂಡಿಲ್ಲ ಎನ್ನುವ ಧೈರ್ಯ ನನ್ನಲ್ಲಿ ಇರಲಿಲ್ಲ.

ಆದರೂ ಮನಸ್ಸಿನಲ್ಲಿ ಒಂದು ಒಪ್ಪಂದ ಮಾಡಿಕೊಂಡೆ. ಯಾರಾದರೂ ನೇರವಾಗಿ ಕೇಳಿದರೆ ನಿಜ ಹೇಳುವುದು. ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ. ಹೇಡಿಗಳು ಇಂಥ ಒಪ್ಪಂದವನ್ನು ಬಹಳ ಅಚ್ಚುಕಟ್ಟಾಗಿ ಮಾಡಿಕೊಳ್ಳುತ್ತಾರೆ.

ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಬಾಯಿಪಾಠ ಒಪ್ಪಿಸಿದೆ. ಆಮೇಲೆ ಆರೋಪಿಯ ಪರ ವಕೀಲರು ಎದ್ದರು. ಯಾರೂ ಮುಂದೆ ಬಾರದ ಕಾರಣ ಕೋರ್ಟೇ ಕೊಟ್ಟ ವಕೀಲ, ಚಿಕ್ಕ ವಯಸ್ಸು, ಕೈಯಲ್ಲಿ ಇನ್ನೂ ಎರಡು ಕೇಸಿನ ಕಡತ. ಮೊದಲು ಮಚ್ಚಿನ ಹಿಡಿ ಹೇಗಿತ್ತು ಎಂದು ಕೇಳಿದರು. ಸೈಕಲ್ ಟ್ಯೂಬ್ ಸುತ್ತಿತ್ತು ಎಂದೆ. ಅದು ನಿಜವೇ. ಕೊನೆಗೆ, ಪಾಟೀ ಸವಾಲು ಮುಗಿಸುವಾಗ ಎಲ್ಲ ಸಾಕ್ಷಿಗಳಿಗೂ ಹಾಕುವ ಪ್ರಶ್ನೆ ಹಾಕಿದರು. "ನೀವು ಸ್ಥಳದಲ್ಲಿ ಏನನ್ನೂ ನೋಡಿಲ್ಲ, ಪೊಲೀಸರು ಬರೆದಿಟ್ಟ ಕಾಗದಕ್ಕೆ ಸಹಿ ಹಾಕಿ ಈಗ ಸುಳ್ಳು ಸಾಕ್ಷಿ ನುಡಿಯುತ್ತಿದ್ದೀರಿ ಎಂದರೆ ಸರಿಯೇ?"

ನಾನು ಕಾಯುತ್ತಿದ್ದ ಪ್ರಶ್ನೆ ಅದೇ. ಆದರೆ ಅದನ್ನು ಕೇಳಿದವರಿಗೇ ಅದು ನಿಜವೆಂದು ಗೊತ್ತಿರಲಿಲ್ಲ. ಕೇಳುತ್ತಲೇ ಕಡತ ಮಡಚಿ ಕುಳಿತುಕೊಳ್ಳಲು ಕುರ್ಚಿ ಎಳೆಯುತ್ತಿದ್ದರು. ಕಟಕಟೆಯಿಂದ ಟೈಪಿಸ್ಟ್ ಹೆಣ್ಣುಮಗಳ ಪರದೆ ನನಗೆ ಓರೆಯಾಗಿ ಕಾಣುತ್ತಿತ್ತು. ದಿನಕ್ಕೆ ಹತ್ತು ಸಲ ಟೈಪ್ ಮಾಡುವ ಸಾಲು, ಆಕೆಯ ಬೆರಳಿಗೆ ಅಭ್ಯಾಸ. ನಾನು ಬಾಯಿ ತೆರೆಯುವ ಮೊದಲೇ ಸಾಲು ಪೂರ್ತಿಯಾಗಿತ್ತು. ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ. ನನ್ನ ಉತ್ತರ ಅಲ್ಲಿ ಅಚ್ಚಾಗಿ ಕುಳಿತಿತ್ತು. ಆಕೆ ತಲೆ ಎತ್ತಿ ನನ್ನತ್ತ ನೋಡಿದಳು, ಮುಂದಿನ ಸಾಕ್ಷಿಗೆ ಹೊತ್ತಾಯಿತು ಎಂಬಂತೆ.

ಆರೋಪಿ ಮೂಲೆಯಲ್ಲಿ ನಿಂತಿದ್ದ. ನನ್ನ ವಿದ್ಯಾರ್ಥಿ ಹೊರಗೇ ಉಳಿದಿದ್ದ. ಆ ಬೆಳಿಗ್ಗೆ ನಾನು ಯಾವಾಗ ಬಂದೆ ಎಂದು ಕಂಡವನು ಆ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಅವನೇ. ಅವನು ನನ್ನನ್ನೇ ನೋಡುತ್ತಿದ್ದ.

"ಸರಿಯಲ್ಲ" ಎಂದೆ.

ನುಡಿದದ್ದನ್ನು ಓದಿ ಹೇಳಿದರು. ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಂಡರು.

ತೀರ್ಪು ಬಂದ ದಿನ ದಾವಣಗೆರೆಯಲ್ಲಿ ಪಟಾಕಿ ಹೊಡೆದರು. ಸಾಯುವ ತನಕ ನೇಣು. ನಮ್ಮ ಸ್ಟಾಫ್ ರೂಮಿಗೆ ಪೇಡೆ ಬಂತು, ನನಗೆ ಎರಡು ಕೊಟ್ಟರು. ಗಣಿತದ ಮೇಷ್ಟರು ತೀರ್ಪಿನ ನಕಲನ್ನು ಎಲ್ಲಿಂದಲೋ ಮೊಬೈಲಿಗೆ ತರಿಸಿಕೊಂಡು ಗಟ್ಟಿಯಾಗಿ ಓದಿದರು. ಈ ಸಾಕ್ಷಿ ವಿದ್ಯಾವಂತರು, ಸರ್ಕಾರಿ ಶಿಕ್ಷಕರು, ಇವರಿಗೆ ಸುಳ್ಳು ಹೇಳುವ ಕಾರಣವೇ ಇಲ್ಲ ಎಂಬ ಅರ್ಥದ ಸಾಲುಗಳು ಅದರಲ್ಲಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಾಯಲ್ಲಿದ್ದ ಪೇಡೆಯನ್ನು ಬಚ್ಚಲಿಗೆ ಹೋಗಿ ಉಗಿದು ಬಂದೆ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಜೀವಾವಧಿ ಆಗಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆ. ಎಂದಾದರೂ ತಪ್ಪು ಹೊರಬಿದ್ದರೆ ಬಾಗಿಲು ತೆರೆದು ಕಳಿಸಬಹುದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನೇಣು ಎಂದಾಗ ಆ ಸಮಾಧಾನಕ್ಕೆ ಜಾಗವೇ ಇಲ್ಲದಂತಾಯಿತು. ಗಲ್ಲು ಬೇಕೋ ಬೇಡವೋ ಎಂದು ಮಕ್ಕಳಿಂದ ಚರ್ಚಾಸ್ಪರ್ಧೆ ಮಾಡಿಸಿದವನು ನಾನು. ಬೇಕು ಎಂದ ಹುಡುಗನಿಗೆ ಬಹುಮಾನ ಕೊಟ್ಟಿದ್ದೆ, ಧ್ವನಿ ಚೆನ್ನಾಗಿತ್ತು ಎಂದು.

ಕೆ.ಬಿ. ಬಡಾವಣೆಯಲ್ಲಿ ಪರಿಚಯದ ಹಿರಿಯ ವಕೀಲರೊಬ್ಬರಿದ್ದಾರೆ. ಅವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಮೇಷ್ಟ್ರೇ, ಇದನ್ನ ನನ್ನ ಹತ್ರ ಹೇಳೇ ಇಲ್ಲ ಅನ್ಕೊಳ್ರಿ. ಗಲ್ಲಿನ ಕೇಸ್ನಾಗೆ ಸುಳ್ಳು ಸಾಕ್ಷಿ ಅಂದ್ರೆ ನಿಮಗೇ ಜೀವಾವಧಿ ಆದ್ರೂ ಆಗ್ಬಹುದು. ನೌಕರಿ ಅಂತೂ ಹೋಯ್ತು."

"ಹಂಗಾದ್ರೆ ಬಾಯಿ ಮುಚ್ಕೊಂಡು ಇರ್ಲೇನ್ರಿ?"

"ಹೈಕೋರ್ಟ್ ಒಪ್ಪೋವರೆಗೂ ಯಾರನ್ನೂ ನೇಣಿಗೆ ಹಾಕಲ್ಲ. ಅಲ್ಲಿ ಎಲ್ಲ ಮತ್ತೆ ನೋಡ್ತಾರೆ. ಇನ್ನೊಂದ್ ಮಾತು. ನೀವು ಹೇಳಿ ಅವನು ಹೊರಗ್ ಬಂದ, ಆಮೇಲೆ ಅವನೇ ಕೊಂದಿದ್ದ ಅಂತ ಗೊತ್ತಾಯ್ತು ಅನ್ಕೊಳ್ರಿ. ಆ ಹೆಣ್ಮಗಳ ಗಂಡನಿಗೆ ಏನಂತ ಮುಖ ತೋರಿಸ್ತೀರಿ?"

ಮನೆಗೆ ಬಂದಾಗ ನನ್ನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಅವಳಿಗೂ ಎಲ್ಲ ಹೇಳಿದೆ.

"ಅವನು ಕೊಂದಾನೋ ಇಲ್ಲೋ, ನಿಮಗೆ ಗೊತ್ತೈತಾ?" ಎಂದಳು.

"ಗೊತ್ತಿಲ್ಲ."

"ಮತ್ಯಾಕ ಒದ್ದಾಡ್ತೀರಿ?"

"ಗೊತ್ತೈತೆ ಅಂತ ಬರ್ದುಕೊಟ್ಟೀನಲ್ಲೇ" ಎಂದೆ.

ಅವಳು ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಆ ವಿಷಯ ನಾವಿಬ್ಬರೂ ಎತ್ತಿಲ್ಲ. ಹೈಕೋರ್ಟಿಗೆ ಒಂದು ಕಾಗದ ಬರೆಯಲು ಎಷ್ಟೋ ಭಾನುವಾರ ಕುಳಿತಿದ್ದೇನೆ. "ಮಾನ್ಯರೇ" ಎಂಬಲ್ಲಿಗೆ ಪೆನ್ನು ನಿಲ್ಲುತ್ತದೆ.

ಈ ವರ್ಷ ಮುಖ್ಯೋಪಾಧ್ಯಾಯರು ನಿವೃತ್ತರಾದ ಮೇಲೆ ಪ್ರಭಾರ ನನ್ನ ಮೇಲೆ ಬಿದ್ದಿದೆ. ಶಾಲೆ ಶುರುವಾದ ವಾರ ಆ ಶಿಕ್ಷೆಯಾದವನ ಹೆಂಡತಿ, ಹತ್ತನೇ ತರಗತಿ ಮುಗಿಸಿದ ಮಗಳನ್ನು ಕರೆದುಕೊಂಡು ಬಂದಳು. ಊರಿನಲ್ಲಿ ಮಾತಾಡಿಸುವವರಿಲ್ಲ, ತವರಿಗೆ ಹೋಗುತ್ತೇವೆ, ವರ್ಗಾವಣೆ ಪತ್ರ ಬೇಕು ಎಂದಳು. ಹೀಗೆ ಹೇಳಿದ್ದು ಗುಮಾಸ್ತನಿಗೆ, ನನಗಲ್ಲ. ನನ್ನ ಮುಖವನ್ನು ಆಕೆ ಒಂದು ಸಲವೂ ನೋಡಲಿಲ್ಲ. ಹುಡುಗಿ ಮಾತ್ರ ಎಂದಿನಂತೆ "ನಮಸ್ತೆ ಸರ್" ಎಂದಳು. ಈ ಮಗು ಮೂರು ವರ್ಷ ಮೂರನೇ ಬೆಂಚಿನಲ್ಲಿ ಕುಳಿತು ನನ್ನ ಪಾಠ ಕೇಳಿದೆ, ಒಂದು ದಿನವೂ ಮನೆಗೆಲಸ ತಪ್ಪಿಸಿಲ್ಲ.

ಗುಮಾಸ್ತ ಹೊಸಬ, ಒಂದು ತಿಂಗಳ ಹಿಂದೆ ಬೇರೆ ಕಡೆಯಿಂದ ಬಂದವನು. ಪತ್ರ ತುಂಬಿ ತಂದು ನನ್ನ ಮುಂದಿಟ್ಟ. ಅವರು ಬೇಗ ಹೋಗಲಿ, ಆ ತಾಯಿ ನನ್ನ ಕೋಣೆಯಲ್ಲಿ ಇನ್ನೊಂದು ನಿಮಿಷ ನಿಲ್ಲುವುದು ಬೇಡ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಸಹಿ ಹಾಕಿ, ಸೀಲು ಒತ್ತಿ, ಹುಡುಗಿಯ ಕೈಗೆ ಕೊಟ್ಟೆ.

ಅವಳು ಹೊರಡಲಿಲ್ಲ. ಪತ್ರವನ್ನು ಓದುತ್ತಾ ನಿಂತಳು. ಆಮೇಲೆ ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟಳು. ತಂದೆಯ ಹೆಸರಿನ ಹಿಂದೆ ಗುಮಾಸ್ತ ದುಂಡಗೆ "ದಿವಂಗತ" ಎಂದು ಬರೆದಿದ್ದ. ಅದರ ಕೆಳಗೆ ನನ್ನ ಚೆಂದದ ಸಹಿ.

"ನಮ್ಮಪ್ಪ ಇನ್ನೂ ಇದಾರ್ರಿ ಸರ್" ಎಂದಳು.

"ಗಲ್ಲಾತು ಅಂತ ಪೇಪರ್ನಾಗೆ ಬಂದಿತ್ತಲ್ರಿ ಸರ್, ಆಗಿಹೋಗೈತೆ ಅನ್ಕೊಂಡೆ" ಎಂದು ಗುಮಾಸ್ತ ತಡವರಿಸಿದ. ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ನಾನು ಆ ಪತ್ರವನ್ನು ರದ್ದು ಮಾಡಿ ನನ್ನ ಕೈಯಿಂದಲೇ ಬೇರೆ ಬರೆದೆ. ಐದು ನಿಮಿಷದ ಕೆಲಸ. ಮೂರು ಸಲ ಓದಿ ಸಹಿ ಹಾಕಿ ಕೊಟ್ಟೆ.

ಹುಡುಗಿ ಅದನ್ನೂ ಅಲ್ಲೇ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದಳು. ಹಾಗೆ ಓದಬೇಕೆಂದು ಅವಳಿಗೆ ಕಲಿಸಿದವನು ನಾನೇ.