ಕೆಳಗಿನ ಕೋಣೆಯ ಇಟಲಿ ಕಪಾಟು

ಮೊನ್ನೆ ಕುವೈತಿನ ಶುಕ್ರವಾರದ ಸಂತೆಯಲ್ಲಿ ಹಳೆಯ ಮರದ ಕಪಾಟೊಂದರ ಬಾಗಿಲು ತೆರೆದೆ. ಒಳಗಿನಿಂದ ಅರಗು, ಸ್ಪಿರಿಟ್ ಸೇರಿದ ಪಾಲಿಶಿನ ವಾಸನೆ ಬಂತು. ಕಾಲು ಅಲ್ಲೇ ನಿಂತಿತು. ನಾನು ಅನುಮಾನದ ಹೆಂಗಸು. ದೇವರು ಎದುರು ಬಂದರೂ ಇಕಾಮಾದ ಗುರುತು ಚೀಟಿ ತೋರಿಸು ಅನ್ನುವವಳು ಎಂದು ನಮ್ಮ ಯಜಮಾನರು ಗೇಲಿ ಮಾಡುತ್ತಾರೆ. ಆದರೆ ಆ ವಾಸನೆಯನ್ನು ಅನುಮಾನಿಸಲಾಗಲಿಲ್ಲ. ಖೈತಾನಿನ ನಮ್ಮ ಹಳೆಯ ಕಟ್ಟಡ, ಕೆಳಗಿನ ಕೋಣೆಯ ಆಚಾರ್ರು...

ಅವರು ಕಾರ್ಕಳದ ಕಡೆಯವರು. ತಮಗೆ ವೀಸಾ ಕೊಟ್ಟ ಧಣಿಯ, ಅಂದರೆ ಕಫೀಲ್‌ನ ಪೀಠೋಪಕರಣದ ಕಾರ್ಖಾನೆಯಲ್ಲಿ ಬಡಗಿ, ಅದಕ್ಕೇ ಎಲ್ಲರ ಬಾಯಲ್ಲೂ ಆಚಾರ್ರು. ಒಬ್ಬರೇ ಇದ್ದರು, ಮಾತು ಕಡಿಮೆ. ಮಾತಾಡದವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳಗೆ ಬಂತು, ಕಫೀಲ್ ದೇಶ ಬಿಟ್ಟು ಓಡಿದ. ಅದಾಗಿ ಕೆಲವೇ ದಿನಗಳಲ್ಲಿ ನಮ್ಮ ಕಟ್ಟಡದ ಮುಂದೆ ಒಂದು ಪಿಕಪ್ ನಿಂತಿತು. ಇಳಿದದ್ದು ಆಚಾರ್ರು, ಒಂದು ಕಪಾಟು, ಮತ್ತೆ ಅದನ್ನು ಹೊತ್ತ ಇಬ್ಬರು ಇರಾಕಿ ಸೈನಿಕರು! ಕಿಟಕಿಯಿಂದ ಎಲ್ಲವನ್ನೂ ನೋಡಿದೆ.

ಉಪ್ಪಿನಕಾಯಿ ಕೊಡುವ ನೆಪದಲ್ಲಿ ಕೆಳಗಿಳಿದೆ. ಕಪಾಟಿಗೆ ಓರೆ ಕಾಲು, ಉಬ್ಬಿದ ಬಾಗಿಲು, ಹಿತ್ತಾಳೆಯ ಹಿಡಿ. ನಮ್ಮಂಥವರ ಮನೆಯ ಸಾಮಾನೇ ಅಲ್ಲ.

"ಇದು ಎಲ್ಲಿಂದ ಆಚಾರ್ರೆ?"

"ನಾನೇ ಮಾಡಿದ್ದು ಅಕ್ಕ."

"ಇಟಲಿ ಅಂತ ಚೀಟಿ ಉಂಟಲ್ಲ?"

"ಅದನ್ನು ಅಂಟಿಸುದು ಕಫೀಲ್. ಅವರ ಮನೆಯಲ್ಲಿ ಐವತ್ತರ ಕಾಲದ ಇಟಲಿ ಕಪಾಟೊಂದು ಉಂಟು. ಅದನ್ನು ನೋಡಿ ಮಾಡಿದ್ದು. ಕಾರ್ಖಾನೆಯ ಸಾಮಾನೆಲ್ಲ ಸೈನಿಕರು ಲಾರಿಗೆ ತುಂಬ್ತಾ ಇದ್ರು. ಇದೊಂದನ್ನು ಕೇಳಿ ತಂದೆ."

ಕೇಳಿದ ಕೂಡಲೇ ಕೊಟ್ಟು, ಮನೆಗೂ ಹೊತ್ತು ತರುವ ಸೈನಿಕರು ಯಾವ ಲೋಕದಲ್ಲಿದ್ದಾರೆ? ಇಟಲಿ ಎಲ್ಲಿ, ಕಾರ್ಕಳ ಎಲ್ಲಿ? ಅನುಮಾನಕ್ಕೆ ಸರಿಯಾಗಿ, ಮೂಲೆಯ ಚೆಕ್‌ಪೋಸ್ಟಿನ ಸೈನಿಕರು ಮುರಿದ ಕುರ್ಚಿ ಹಿಡಿದು ಅವರ ಬಾಗಿಲಿಗೆ ಬರತೊಡಗಿದರು. ಇವರು ರಿಪೇರಿ ಮಾಡಿ ಚಹಾ ಕೊಟ್ಟು ಕಳಿಸುತ್ತಿದ್ದರು. ಆಚಾರ್ರು ಮೆಟ್ಟಿಲು ಹತ್ತಿದರೆ ನಾವೆಲ್ಲ ಮಾತು ನಿಲ್ಲಿಸುತ್ತಿದ್ದೆವು. ಯಾರ ಮನೆಯಲ್ಲಿ ಏನಿದೆ ಎಂದು ಸೈನಿಕರಿಗೆ ಹೇಳುವವರು ಇವರೇ ಇರಬೇಕೆಂದು ನಾನಂತೂ ನಂಬಿದ್ದೆ.

ಕಟ್ಟಡದ ನಾಲ್ಕೈದು ಕುಟುಂಬಗಳು ಸೇರಿ, ಊರಿನ ವಿಮಾನ ಹಿಡಿಯಲು ಜೋರ್ಡಾನಿನ ಅಮ್ಮಾನಿಗೆ ಬಸ್ಸು ಗೊತ್ತು ಮಾಡಿದೆವು. ತಲೆಗೊಂದೇ ಚೀಲ, ಅದರಲ್ಲೂ ಅರ್ಧ ನೀರು ಮತ್ತು ಖುಬೂಸು ರೊಟ್ಟಿ. ಅಮ್ಮ ಕೊಟ್ಟ ಸೀರೆಗಳೂ ಮದುವೆಯ ದಪ್ಪ ಆಲ್ಬಮ್ಮೂ ಹಿಡಿಸಲಿಲ್ಲ. ಅಮ್ಮ ತೀರಿಹೋಗಿದ್ದಳು, ಅವಳ ಮುಖ ಉಳಿದದ್ದು ಆ ಆಲ್ಬಮ್ಮಿನಲ್ಲಿ ಮಾತ್ರ. ಹೊರಡುವ ಬೆಳಿಗ್ಗೆ ಆಚಾರ್ರು ಮೇಲೆ ಬಂದರು.

"ಕೀ ಕೊಟ್ಟು ಹೋಗಿ ಅಕ್ಕ. ಎಲ್ಲರ ಸಾಮಾನು ನನ್ನ ಕಪಾಟಿನಲ್ಲಿ ಇಡ್ತೇನೆ. ನನ್ನ ಕೋಣೆಗೆ ಅವರು ಕೈ ಹಾಕುದಿಲ್ಲ."

"ನೀವು ಊರಿಗೆ ಬರುದಿಲ್ವಾ?"

"ಅಷ್ಟು ದೊಡ್ಡದನ್ನು ಬಸ್ಸಿಗೆ ಹಾಕ್ಲಿಕ್ಕೆ ಆಗ್ತದಾ?" ಎಂದು ನಕ್ಕರು.

ಒಂದು ಕಪಾಟಿಗಾಗಿ ಯುದ್ಧದ ನಡುವೆ ಉಳಿಯುವವರುಂಟೇ? ಬೇರೆ ಮನೆಯವರು ದೇವರ ಮೇಲೆ ಭಾರ ಹಾಕಿ ಕೀ ಕೊಟ್ಟರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಎಂದುಕೊಂಡು ನಾನು ಇನ್ನೊಂದು ಬೀಗವನ್ನೂ ಜಡಿದು ಹೊರಟೆ.

ಹಿಂದಿರುಗಿದ್ದು ತೊಂಬತ್ತೊಂದರ ಕೊನೆಗೆ. ಗೋಡೆಗಳ ಮೇಲೆ ಎಣ್ಣೆಬಾವಿಗಳ ಹೊಗೆಯ ಮಸಿ. ನಮ್ಮ ಬಾಗಿಲು ಒಡೆದು ಬಿದ್ದಿತ್ತು, ಎರಡು ಬೀಗಗಳೂ ಅದರಲ್ಲಿ ಗಟ್ಟಿಯಾಗಿಯೇ ಇದ್ದವು. ಒಳಗೆ ಒಂದು ನೂಲೂ ಇರಲಿಲ್ಲ. ಈಜಿಪ್ಟಿನ ಕಾವಲುಗಾರ ಕೆಳಗಿನ ಕೋಣೆ ತೆರೆದ. ಕಪಾಟು ಹಾಗೆಯೇ ನಿಂತಿತ್ತು. ಎದುರು ಮನೆಯ ಬೆಳ್ಳಿ ತಟ್ಟೆಗಳು, ಮೇಲಿನ ಮನೆಯ ಮಕ್ಕಳ ಸರ್ಟಿಫಿಕೇಟುಗಳು, ಎಲ್ಲ ಗಂಟು ಕಟ್ಟಿ ಬೇರೆ ಬೇರೆ ಖಾನೆಗಳಲ್ಲಿದ್ದವು. ಒಂದೊಂದು ಖಾನೆಯ ಅಂಚಿಗೂ ಬಡಗಿಯ ಪೆನ್ಸಿಲಿನಲ್ಲಿ ಮನೆಯ ನಂಬರು. ಒಂದು ಖಾನೆ ಮಾತ್ರ ಖಾಲಿ. ಅದರ ಮೇಲೆ ನಮ್ಮ ಮನೆಯ ನಂಬರಿತ್ತು.

ಜೋರಾಗಿ ಅತ್ತೆ. ಅಳುತ್ತಲೇ ಉಳಿದವರ ಗಂಟುಗಳನ್ನೂ ಮುಟ್ಟಿ ನೋಡಿದೆ, ಆಲ್ಬಮ್ ಎಲ್ಲಾದರೂ ಸೇರಿಕೊಂಡಿದೆಯೋ ಎಂದು... ಇರಲಿಲ್ಲ.

ಆಚಾರ್ರೂ ಇರಲಿಲ್ಲ. ಇರಾಕಿನವರು ಹೋದ ಮೇಲೆ, ಸೈನಿಕರಿಗೆ ಕೆಲಸ ಮಾಡಿಕೊಟ್ಟವನೆಂದು ಯಾರೋ ಚಾಡಿ ಹೇಳಿದರಂತೆ. ಬಂದೂಕು ಹಿಡಿದ ಯಾರೋ ಬಂದು ಜೀಪಿನಲ್ಲಿ ಕರೆದುಕೊಂಡು ಹೋದರಂತೆ. ಕಾವಲುಗಾರನಿಗೆ ಅಷ್ಟೇ ಗೊತ್ತಿದ್ದದ್ದು. ಕಫೀಲ್ ಮರಳಿ ಬರಲೇ ಇಲ್ಲ. ನಾನೂ ಯಜಮಾನರೂ ನಮ್ಮ ರಾಯಭಾರ ಕಚೇರಿಗೆ ವಿಚಾರಿಸಲು ಹೋದೆವು. ಗುಮಾಸ್ತ ಕಾಗದ ಎಳೆದುಕೊಂಡು ಕೇಳಿದ, "ಹೆಸರು?"

ಆಚಾರ್ರು ಎಷ್ಟು ಹೊತ್ತಿಗೆ ದೀಪ ಆರಿಸುತ್ತಿದ್ದರು, ಯಾರಿಗೆ ಚಹಾ ಕೊಡುತ್ತಿದ್ದರು, ಯಾವ ಚೀಲ ಹಿಡಿದು ಹೋಗಿ ಯಾವ ಚೀಲ ತಂದರು, ಎಲ್ಲ ನನಗೆ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಂತೆಯವನು ನಾನು ಕೊಳ್ಳುತ್ತೇನೆಂದು ಕಾದು ನಿಂತಿದ್ದ. ಇದು ಆ ಕಪಾಟೇ ಇರಬಹುದೇ? ಆ ಕಟ್ಟಡ ಈಗಿಲ್ಲ, ಸಾಮಾನೆಲ್ಲ ಎಲ್ಲಿಗೆ ಹೋಯಿತೋ. ಮಾಡಿದವರು ಯಾರು ಎಂದು ಕೇಳಿದೆ.

"ಇಟಲಿಯವರು, ಮದಾಮ್."

ಅಲ್ಲ ಎನ್ನಲು ಬಾಯಿ ತೆರೆದೆ. ಮತ್ತೆ ಯಾರು ಎಂದು ಅವನು ಕೇಳಿದರೆ ಏನು ಹೇಳಲಿ? ಬಾಗಿಲು ಮುಚ್ಚಿ ಬಂದುಬಿಟ್ಟೆ.