ಮರಿಗೆ ದಾರಿ ತೋರಿಸಿದ್ದು

ಬಿಸಿಲಿಗೆ ಕಾದ ಹಳೆಯ ಗೋಣಿತಾಟಿಗೆ ಒಂದು ವಾಸನೆಯಿದೆ: ಧೂಳು, ಅಕ್ಕಿತೌಡು, ಸ್ವಲ್ಪ ನಾಯಿ. ಮೊನ್ನೆ ಪಕ್ಕದ ಬೀದಿಯವರು ಒಂದು ನಾಯಿಮರಿಯನ್ನು ಅಂಥದೇ ಗೋಣಿಯಲ್ಲಿ ಸುತ್ತಿ ತಂದು, "ಸಾಕ್ತೀರಾ ಸಾರ್? ನಿಮಗೂ ಹೊತ್ತು ಹೋಗ್ತದೆ" ಎಂದರು. ಹೊತ್ತು ಹೋಗುತ್ತಿರುವುದೇ ಈ ವಯಸ್ಸಿನಲ್ಲಿ ನನಗಿರುವ ತೊಂದರೆ ಎಂದು ಅವರಿಗೆ ಹೇಳಲಾಗಲಿಲ್ಲ. ಯೋಚಿಸಿ ತಿಳಿಸುತ್ತೇನೆಂದು ಕಳಿಸಿದೆ. ಮರಿ ಹೋಯಿತು, ವಾಸನೆ ಉಳಿಯಿತು. ಅದರ ಬೆನ್ನಿಗೇ ಸಾಗರದ ನಮ್ಮ ಬಾಡಿಗೆ ಮನೆಯೂ, ಅದರ ಜಗಲಿಯಲ್ಲಿ ಇದೇ ಪ್ರಶ್ನೆ ಹೊತ್ತು ಕುಳಿತಿದ್ದ ನನ್ನಜ್ಜನೂ ಬಂದರು.

ಅರವತ್ತರ ದಶಕದ ಮಾತು. ಹೊಸನಗರ ತಾಲ್ಲೂಕಿನ ನಮ್ಮ ಊರು ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಅಜ್ಜ, ಅಜ್ಜಿ ಮತ್ತು ಕಾಳ ಸಾಗರಕ್ಕೆ ಬಂದಿದ್ದರು. ಅಪ್ಪನದು ಊರೂರಿಗೆ ವರ್ಗವಾಗುವ ಕೆಲಸ, ಹಾಗಾಗಿ ನನ್ನನ್ನೂ ಅಲ್ಲೇ ಶಾಲೆಗೆ ಬಿಟ್ಟಿದ್ದರು. ಕಾಳ ಎಂಬುದು ನಮ್ಮಲ್ಲಿ ನಾಯಿಯ ಹೆಸರಲ್ಲ, ಹುದ್ದೆ. ಊರಿನಲ್ಲಿ ನಾಯಿಗಳು ಮುದಿಯಾಗಿ ಸಾಯುವ ಪದ್ಧತಿಯೇ ಇರಲಿಲ್ಲ. ಆ ಕೆಲಸವನ್ನು ಚಿರತೆಗೆ ವಹಿಸಲಾಗಿತ್ತು. ಒಬ್ಬ ಕಾಳ ಹೋದರೆ ವಾರದೊಳಗೆ ಮತ್ತೊಬ್ಬನ ನೇಮಕ. ಕೆಂದಿರಲಿ, ಬಿಳಿದಿರಲಿ, ಅವನೂ ಕಾಳನೇ. ಅಲ್ಲಿ ನಾಯಿ ಮನೆಯದು, ಯಾರೊಬ್ಬರದೂ ಅಲ್ಲ. ಮನುಷ್ಯರು ಹೋಗುತ್ತಾರೆ, ಮನೆ ಇರುತ್ತದೆ ಎಂಬ ನಂಬಿಕೆ. ಕೊನೆಗೆ ನೋಡಿದರೆ ಮನೆಯೇ ಮೊದಲು ಹೋಯಿತು. ಸಾಗರದ ಬೀದಿಗೆ ಚಿರತೆ ಬರುತ್ತಿರಲಿಲ್ಲವಾದ್ದರಿಂದ ನಮ್ಮ ಕಾಳಂದಿರ ಪರಂಪರೆಯಲ್ಲೇ ಮೊದಲ ಬಾರಿಗೆ ಒಬ್ಬ ಮುದಿತನ ಕಂಡ. ಹಲ್ಲು ಬಿದ್ದವು, ಕಣ್ಣು ಮಂಜಾದವು; ಅಜ್ಜನ ಪಕ್ಕದಲ್ಲಿ ಪಿಂಚಣಿದಾರನ ಹಾಗೆ ಬಿಸಿಲು ಕಾಯಿಸುತ್ತಿದ್ದವನು ಒಂದು ಬೆಳಿಗ್ಗೆ ಏಳಲಿಲ್ಲ.

ಇನ್ನೊಂದು ನಾಯಿ ಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಅದುವರೆಗೆ ಹುಟ್ಟಿಯೇ ಇರಲಿಲ್ಲವಾಗಿ, ಅದಕ್ಕೆ ಉತ್ತರಿಸುವ ಅಭ್ಯಾಸ ಯಾರಿಗೂ ಇರಲಿಲ್ಲ. ಹುದ್ದೆಯೇನೋ ಖಾಲಿಯಿತ್ತು. ಆದರೆ ಕಾಯಲು ಕೊಟ್ಟಿಗೆಯಿಲ್ಲ, ಗದ್ದೆಯಿಲ್ಲ, ಬಾಗಿಲು ತೆಗೆದರೆ ಬೀದಿ. ಮೇಲಾಗಿ ಅಜ್ಜನ ವಯಸ್ಸು.

"ನಾನು ಮುಂಚೆ ಹೋದ್ರೆ ಅದನ್ನ ನೋಡೋರ್ಯಾರು?" ಎಂದು ಅಜ್ಜ ಕೇಳುತ್ತಿದ್ದ.

"ನಾನಿಲ್ವಾ?" ಎನ್ನುತ್ತಿದ್ದಳು ಅಜ್ಜಿ.

"ನೀನೂ ಹೋದ್ರೆ?"

"ಹಂಗೆಲ್ಲ ಮುಂದಿಂದು ಯೋಚ್ನೆ ಮಾಡಿದ್ರೆ ನಿಮ್ಮನ್ನೂ ಯಾರೂ ಕಟ್ಕೊಳ್ತಿರ್ಲಿಲ್ಲ ಮಾರಾಯ್ರೆ."

ಅಷ್ಟರಲ್ಲಿ ತೀರ್ಥಹಳ್ಳಿಯಾಚೆ ಮೇಳಿಗೆಯಲ್ಲಿದ್ದ ಅಜ್ಜನ ತಂಗಿಯಿಂದ, ನಾಯಿ ಮರಿ ಹಾಕಿದೆ, ಬಂದು ನೋಡಿ ಎಂದು ಹೇಳಿಕೆ ಬಂತು. ಅಜ್ಜ ಕರಿ ಕೋಟು ತೊಟ್ಟು, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ. ಸಾಗರದಲ್ಲಿ ಅವನ ನಿಲುವು ಸ್ಪಷ್ಟವಾಗಿತ್ತು: ತಂಗಿಯನ್ನು ಮಾತಾಡಿಸಿ ಬರುವುದು ಅಷ್ಟೆ, ಮರಿಗಿರಿ ಇಲ್ಲ. ಹೊಸನಗರದಲ್ಲಿ ಕಾಫಿ ಕುಡಿದ ಮೇಲೆ, ನೋಡಿದರೆ ತಪ್ಪೇನು ಎಂದಾಯಿತು. ಬಸ್ಸು ಮತ್ತೆ ಹೊರಡುವಾಗ ಮರಿ ಮಲಗುವ ಜಾಗವೂ ನಿಶ್ಚಯವಾಗಿತ್ತು. ತೀರ್ಥಹಳ್ಳಿಯಲ್ಲಿ ಮುಂದಿನ ಬಸ್ಸಿಗೆ ಹೊತ್ತಿತ್ತೆಂದು ಹೊಳೆಯ ಕಡೆ ಹೋದೆವು. ತುಂಗೆ ದಡ ತುಂಬಿ ಹೋಗುತ್ತಿದ್ದಳು. ತುಂಬಿದ ನೀರನ್ನು ಅಜ್ಜ ಈಗೀಗ ಹೆಚ್ಚು ಹೊತ್ತು ನೋಡುತ್ತಿರಲಿಲ್ಲ. ಬೆನ್ನು ತಿರುಗಿಸಿ, "ಬ್ಯಾಡ. ಬ್ಯಾಡ ಅಂದ್ರೆ ಬ್ಯಾಡ" ಎಂದ, ನಾನೇನೋ ಹಟ ಹಿಡಿದವನಂತೆ.

ಮೇಳಿಗೆಯ ಮನೆಯ ಹಿತ್ತಲಿನಲ್ಲಿ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಅಜ್ಜ ಒಂದೊಂದನ್ನೇ ಎತ್ತಿ, ಮುಖ ನೋಡಿ, ಕೆಳಗಿಡುತ್ತಿದ್ದ.

"ಅಣ್ಣಯ್ಯ, ನೀನು ಮರಿ ನೋಡ್ತಿದೀಯೋ, ಹೆಣ್ಣು ನೋಡ್ತಿದೀಯೋ?" ಎಂದಳು ಅವನ ತಂಗಿ. "ಅತ್ಗೇನ ನೋಡಕ್ಕೆ ಹೋದಾಗ್ಲೂ ಇಷ್ಟು ಹೊತ್ತು ಮಾಡ್ಲಿಲ್ಲ ನೀನು."

ಈ ಚರ್ಚೆಯ ನಡುವೆ ಕೆಂಚು ಬಣ್ಣದ ಹೆಣ್ಣು ಮರಿಯೊಂದು ಅಜ್ಜನ ಚಪ್ಪಲಿಯ ಮೇಲೆ ಮಲಗಿ ನಿದ್ದೆ ಹೋಯಿತು. ಕಾಲು ಎಳೆದುಕೊಳ್ಳಲು ಅವನಿಂದಾಗಲಿಲ್ಲ. ಆಯ್ಕೆ ಆದದ್ದು ಹಾಗೆ. ಅವನ ತಂಗಿ ಗೋಣಿಚೀಲ ತಂದಳು. ನಮ್ಮ ಕಡೆ ಮರಿಯನ್ನು ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ ಒಯ್ಯುವುದು ವಾಡಿಕೆ. ದಾರಿ ಕಂಡರೆ ಅದು ತಾಯಿಯ ಮನೆಗೆ ವಾಪಸ್ಸು ಓಡುತ್ತದೆಂದು.

"ಕಟ್ಬ್ಯಾಡ," ಎಂದ ಅಜ್ಜ. "ದಾರಿ ನೋಡ್ಲಿ."

"ನೋಡಿದ್ರೆ ತಿರುಗಿ ಬರ್ತದೆ ಅಣ್ಣಯ್ಯ."

"ಬರ್ಲಿ ಅಂತ್ಲೇ. ನಾನು ಹೋದ್ಮೇಲೆ ಬಂದ್ರೆ ಒಂದು ಹಿಡಿ ಅನ್ನ ಹಾಕ್ತೀಯಲ್ಲ?"

ಅವಳು ನಕ್ಕಳು. "ನಾನೇನು ಭಾರಿ ಸಣ್ಣೋಳಾ? ನನ್ನ ನಂಬ್ತೀಯಲ್ಲ."

"ನಿನ್ನಲ್ಲ, ನಿನ್ನ ಮನೇನ. ಇದು ಮುಳುಗಲ್ಲ ತಾನೆ?"

ಅವಳು ನಗುವುದನ್ನು ನಿಲ್ಲಿಸಿ, ಚೀಲವನ್ನು ಮಡಚಿ ಅಜ್ಜನ ಮಡಿಲಿಗೆ ಹಾಸಲೆಂದು ನನ್ನ ಕೈಗೆ ಕೊಟ್ಟಳು.

ಬರುವ ದಾರಿಯುದ್ದಕ್ಕೂ ಅಜ್ಜ ಮರಿಯನ್ನು ಬಸ್ಸಿನ ಕಿಟಕಿಗೆ ಎತ್ತಿ ಹಿಡಿದಿದ್ದ. "ಇದು ತೀರ್ಥಹಳ್ಳಿ. ಹೊಳೆ ಕಡೆ ಹೋಗ್ಬ್ಯಾಡ. ಇದು ಹೊಸನಗರ. ಇಲ್ಲಿ ನಾಯಿ ಜಾಸ್ತಿ, ಸುಮ್ನೆ ತಲೆ ಬಗ್ಗಿಸ್ಕೊಂಡು ಹೋಗು." ಕಂಡಕ್ಟರು, "ಎಂತ ಅಜ್ಜಾರೆ, ಅದ್ಕೆ ಪರೀಕ್ಷೆ ಯಾವಾಗ?" ಎಂದು ಕೇಳಿದ. ಬಸ್ಸೆಲ್ಲ ನಕ್ಕಿತು. ಅಜ್ಜ ನಗಲಿಲ್ಲ, ಪಾಠ ನಿಲ್ಲಿಸಲೂ ಇಲ್ಲ. ಹೊಸನಗರ ದಾಟಿದ ಮೇಲೆ ಒಂದು ತಿರುವಿನಲ್ಲಿ ನಮ್ಮ ಊರಿಗೆ ಹೋಗುತ್ತಿದ್ದ ಹಳೆಯ ರಸ್ತೆ ಕಂಡಿತು. ಎರಡು ಮಾರು ಇಳಿದು ನೆಟ್ಟಗೆ ನೀರಿನೊಳಗೆ ಹೋಗಿತ್ತು. ಅಲ್ಲಿ ಮಾತ್ರ ಅಜ್ಜ ಅಂಗೈಯಿಂದ ಮರಿಯ ಕಣ್ಣು ಮುಚ್ಚಿದ. "ಇದೊಂದು ಕಲೀಬ್ಯಾಡ" ಎಂದ. ಬಸ್ಸು ಮುಂದೆ ಹೋದ ಎಷ್ಟೋ ಹೊತ್ತಿನವರೆಗೆ ಕೈ ತೆಗೆಯಲಿಲ್ಲ.

ಕಾಳನ ಹುದ್ದೆಗೆ ಹೀಗೆ ಮೊದಲ ಬಾರಿಗೆ ಒಬ್ಬ ಹೆಣ್ಣಿನ ನೇಮಕವಾಗಿ, ಅವಳು ಕಾಳಿಯಾದಳು. ತಂದದ್ದು ಸರಿಯೋ ತಪ್ಪೋ ಎಂಬುದನ್ನು ಅಜ್ಜ ಕೊನೆಯವರೆಗೂ ತೀರ್ಮಾನಿಸಲಿಲ್ಲ. ಅವಳು ಜಗಲಿಯಲ್ಲಿ ಅವನ ಕಾಲಿಗೊರಗಿ ಮಲಗಿದಾಗ ಸರಿ ಎನಿಸುತ್ತಿತ್ತು. ಅವನಿಗೆ ಕೆಮ್ಮು ಬಂದು ಅವಳು ತಲೆಯೆತ್ತಿ ನೋಡಿದಾಗ ತಪ್ಪು ಎನಿಸುತ್ತಿತ್ತು. ಈಗ ನಾನು ವಯಸ್ಸಿನಲ್ಲಿ ಆಗಿನ ಅವನಿಗಿಂತ ದೊಡ್ಡವನಾಗಿದ್ದೇನೆ, ಅವನಷ್ಟೂ ತಿಳಿದಿಲ್ಲ. ಮೇಳಿಗೆಯ ಆ ಮನೆ ಮುಳುಗಲಿಲ್ಲ ನಿಜ, ಆದರೆ ಅದೂ ಈಗಿಲ್ಲ. ಮರಿಯನ್ನು ಕಿಟಕಿಗೆ ಹಿಡಿದರೆ ನಾನು ಯಾವ ಮನೆಯ ದಾರಿ ತೋರಿಸಲಿ?

ಅಜ್ಜ ಹೋದ ಮೇಲೆ, ಬಂದ ನೆಂಟರೆಲ್ಲ ಹೊರಟ ದಿನ, ಅಜ್ಜಿ ಬೀದಿ ಬಾಗಿಲನ್ನು ಅಗಲವಾಗಿ ತೆರೆದಳು. "ಹೋಗ್ತೀಯಾದ್ರೆ ಹೋಗು. ದಾರಿ ಹೇಳ್ಕೊಟ್ಟಿದಾರಲ್ಲ ನಿಂಗೆ" ಎಂದಳು. ಕಾಳಿ ಎದ್ದು ಮೈ ಕೊಡವಿ, ಬೀದಿಗಿಳಿದು, ಬಸ್ ಸ್ಟ್ಯಾಂಡಿನ ಕಡೆ ತಿರುಗಿ ಮರೆಯಾದಳು. ಅಜ್ಜಿ ಹೊಸಿಲಲ್ಲಿ ಮೊರ ಹಿಡಿದು ಕೂತು, ಆರಿಸಿ ಆಗಿದ್ದ ಅಕ್ಕಿಯನ್ನೇ ಮತ್ತೆ ಆರಿಸತೊಡಗಿದಳು. ನಾನು ಹುಡುಕಿ ಬರುತ್ತೇನೆಂದರೆ ಬೇಡವೆಂದಳು. ಊಟದ ಹೊತ್ತು ಮೀರಿತು, ಇಬ್ಬರಿಗೂ ಎಲೆ ಹಾಕುವ ಮನಸ್ಸಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಕಾಳಿ ಬೀದಿಯ ತುದಿಯಲ್ಲಿ ಕಂಡಳು, ನಡೆದು ಬಂದು ಹೊಸಿಲ ಮುಂದೆ ನಿಂತಳು. ಅಜ್ಜಿ ಮೊರದಿಂದ ಕಣ್ಣೆತ್ತದೆ ಕೇಳಿದಳು:

"ಬಸ್ಸು ಸಿಗ್ಲಿಲ್ವಾ?"