ಹುಲ್ಲಿಗಿಳಿಯದ ಸೀಮೆ ಕೋಳಿಗಳು

ಕೋಳಿಗೆ ನೆಲ ಕೆದರುವುದನ್ನು ಹೇಳಿಕೊಡುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿಲ್ಲವಾದರೆ ರಾಯದುರ್ಗಕ್ಕೆ ಬನ್ನಿ. ಸ್ಟೇಷನ್ನಿನಲ್ಲಿ ಯಾರನ್ನು ಕೇಳಿದರೂ ನಮ್ಮ ಮನೆ ತೋರಿಸುತ್ತಾರೆ. (ನಗುತ್ತ ತೋರಿಸುತ್ತಾರೆ. ನೀವು ಬೇಸರಪಡಬೇಡಿ, ನನಗೆ ರೂಢಿಯಾಗಿದೆ.)

ಇದಕ್ಕೆಲ್ಲ ಕಾರಣ ಮದ್ರಾಸಿನಲ್ಲಿರುವ ನನ್ನ ಗೆಳೆಯರೊಬ್ಬರು. ಊರಿಗೆ ಬಂದವರು ಊಟಕ್ಕೆ ಕೂತಾಗ ಹೇಳಿದರು: ಮಾಂಸಕ್ಕೆಂದು ಸಾಕುವ ಕೋಳಿಯನ್ನು ಗೂಡಿನಲ್ಲೇ ಕೂಡಿಹಾಕಬಾರದಂತೆ. ಹಗಲೆಲ್ಲ ಹಸಿರು ಹುಲ್ಲಿನ ಮೇಲೆ ಬಿಡಬೇಕಂತೆ. ಹುಳಹುಪ್ಪಟೆ ತಿಂದು ಬೆಳೆದ ಕೋಳಿಯ ರುಚಿಯೇ ಬೇರೆಯಂತೆ. ಲೇಟೆಸ್ಟ್ ಪದ್ಧತಿ! ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ನಮ್ಮ ಬೀದಿಯ ಕೋಳಿಗಳೆಲ್ಲ ಹುಟ್ಟಿದಾಗಿನಿಂದ ಬಯಲಲ್ಲೇ ಮೇಯುತ್ತಿವೆ ಎಂಬುದು ನನಗೆ ಹೊಳೆಯಲೇ ಇಲ್ಲ. ಹೆಂಡತಿ ನಾಗಮ್ಮನಿಗೆ ಹೊಳೆಯಿತು.

“ನಮ್ಮೂರ ಕೋಳಿಗೆ ಯಾರ್ರೀ ಬೀಗ ಹಾಕ್ಯಾರ?”

“ಅವು ಸುಮ್ನ ಅಡ್ಡಾಡ್ತಾವ. ಇದು ಸಿಸ್ಟಮ್” ಎಂದೆ.

ಗೆಳೆಯರು ವಿಲಾಯತಿ ತಳಿಯ ಸೀಮೆ ಕೋಳಿಯ ಮರಿಗಳನ್ನು ಬುಟ್ಟಿಯಲ್ಲಿಟ್ಟು ರೈಲಿನಲ್ಲಿ ಕಳಿಸಿದರು. ಹಿತ್ತಿಲಲ್ಲಿ ಗೂಡು ಎದ್ದಿತು. ಗೂಡಿನ ಮುಂದೆ ನಾನೇ ಬಾವಿಯಿಂದ ನೀರು ಸೇದಿ ಹುಲ್ಲು ಬೆಳೆಸಿದೆ. (ನಮ್ಮ ಕಡೆ ಹುಲ್ಲು ತಾನಾಗಿ ಹಸಿರಾಗಿ ನಿಲ್ಲುವುದಿಲ್ಲ.) ಆಗ ನಡೆದಿದ್ದ ಮಹಾಯುದ್ಧದ ದೆಸೆಯಿಂದ ತಂತಿ ಸಿಗಲಿಲ್ಲ, ಜಾಲಿ ಮುಳ್ಳಿನ ಬೇಲಿ ಹಾಕಿಸಿದೆ. ಮರಿಗಳು ಗೂಡಿನೊಳಗೆ ಕಾಳು ತಿಂದು ಗುಂಡಗಾದವು. ಒಂದು ಶುಭದಿನ ಬಾಗಿಲು ತೆಗೆದೆ.

ಒಂದೂ ಹೊರಗೆ ಬರಲಿಲ್ಲ.

ಹುಲ್ಲನ್ನು ಕಂಡು, ಹಾವು ಕಂಡಂತೆ ಹಿಂದಕ್ಕೆ ಸರಿದವು. ಎತ್ತಿ ತಂದು ಹುಲ್ಲಿನ ಮೇಲಿಟ್ಟರೆ ಓಡಿಹೋಗಿ ಗೂಡು ಸೇರಿದವು. ಬಾಗಿಲು ತೆಗೆದ ಮಾತ್ರಕ್ಕೆ ಯಾರು ಹೊರಗೆ ಬರುತ್ತಾರೆ? ಒಳಗೆ ಹೊಟ್ಟೆ ತುಂಬುತ್ತಿರುವಾಗ ಬಯಲು ಯಾರಿಗೆ ಬೇಕು? ತಾಲ್ಲೂಕು ಕಚೇರಿಯ ಗುಮಾಸ್ತನಾದ ನನಗೆ ಇಷ್ಟು ತಿಳಿದಿರಬೇಕಿತ್ತು.

ಬರೀ ಕೋಳಿಯ ಮಾತಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆದರೆ ನಾಗಮ್ಮನ ಅಣ್ಣ ತಿಮ್ಮಪ್ಪ ಮಡಕಶಿರಾ ಕಡೆಯ ಅಮರಾಪುರದಿಂದ ಬರುವವರಿದ್ದರು. ಅವರ ಮಗಳನ್ನು ನಮ್ಮ ಮಗನಿಗೆ ತಂದುಕೊಳ್ಳಬೇಕೆಂಬುದು ನಾಗಮ್ಮನ ಬಹುದಿನದ ಆಸೆ. ತಿಮ್ಮಪ್ಪ ಹ್ಞೂಂ ಎಂದಿರಲಿಲ್ಲ, ಊಹ್ಞೂಂ ಎಂದೂ ಇರಲಿಲ್ಲ. ಈ ಸಲ ಮಾತು ಮುಗಿಸಿಯೇ ಹೋಗುತ್ತೇನೆಂದು ಹೇಳಿ ಕಳಿಸಿದ್ದರು. ನಾನೋ, ಹುಲ್ಲಿನಲ್ಲಿ ಮೇಯ್ದ ಕೋಳಿಯ ಸಾರು ಉಣ್ಣಿಸುತ್ತೇನೆಂದು ಅವರೆದುರು ಮೊದಲೇ ಜಂಬ ಕೊಚ್ಚಿಕೊಂಡಿದ್ದೆ.

ಅವರು ಬರಲಿದ್ದ ಭಾನುವಾರ ಬೆಳಿಗ್ಗೆ ಕೊನೆಯ ಉಪಾಯ ಹೂಡಿದೆ. ಮರಿಗಳಿಗೆ ಮೇಯುವುದನ್ನು ತಾಯಿಕೋಳಿ ಕಲಿಸುತ್ತದೆ. ಇವಕ್ಕೆ ತಾಯಿ ಎಲ್ಲಿದೆ? ಸರಿ, ನಾನೇ ಆಗಬೇಕು! ಪಂಚೆ ಎತ್ತಿ ಕಟ್ಟಿ ಮಂಡಿಯೂರಿದೆ. ಎರಡೂ ಕೈಯಿಂದ ನೆಲ ಕೆದರಿದೆ. ಮೂಗನ್ನು ಮಣ್ಣಿಗೆ ತಾಗಿಸಿ ಕುಕ್ಕಿ ತೋರಿಸಿದೆ.

“ಕೊಕ್ ಕೊಕ್, ಬರ್ರೆಪ್ಪಾ, ನೋಡ್ರಿ, ಎಂಥಾ ಛಲೋ ಹುಳ ಐತಿ!”

(ಸೀಮೆ ಕೋಳಿಗಳಲ್ಲವೇ? “ಕಮ್, ಕಮ್” ಎಂದೂ ಕರೆದು ನೋಡಿದೆ.)

“ಏನ್ ಭಾವ, ಏನಾದ್ರೂ ಕಳ್ಕೊಂಡ್ರಾ?”

ತಲೆ ಎತ್ತಿದೆ. ಮಧ್ಯಾಹ್ನ ಬರಬೇಕಾಗಿದ್ದ ತಿಮ್ಮಪ್ಪ ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಬೇಲಿಯಾಚೆ ನಿಂತಿದ್ದರು.

“ಕೋಳಿಗೆ ಮೇಯೋದು ಕಲಿಸಾಕತ್ತೀನಿ, ಭಾವ” ಎಂದೆ. ಬೇರೆ ಏನು ಹೇಳಲಿ?

ನಾಗಮ್ಮ ಓಡಿ ಬಂದಳು. ನನ್ನೊಡನೆ ರಾಯದುರ್ಗದ ಮಾತಾಡುವವಳಿಗೆ ಅಣ್ಣನನ್ನು ಕಂಡೊಡನೆ ತವರಿನ ಮಾತು ಬಂತು. “ಒಳೀಕ್ ಬಾರಣ್ಣ. ಬಿಸ್ಲಿಗೆ ಹಿಂಗಾಡ್ತಾರೆ.”

ಬೆಳಗಿನ ಎಳೆಬಿಸಿಲಿಗೆ! ಹುಚ್ಚನ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಸಂಬಂಧ ಮುರಿದುಬಿತ್ತೆಂದೇ ತಿಳಿದೆ. ನಾಗಮ್ಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ತಿಮ್ಮಪ್ಪ ಒಳಗೆ ಹೋಗಲಿಲ್ಲ. ಹಿತ್ತಿಲಿಗೇ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು. ಅಷ್ಟರಲ್ಲಿ ಪಕ್ಕದ ಮನೆಯ ನಾಟಿ ಹೇಂಟೆಯೊಂದು ಬೇಲಿಯ ಸಂದಿಯಿಂದ ನುಸುಳಿ ಬಂದು, ನಾನು ಕೆದರಿದ ಜಾಗವನ್ನೇ ಕೆದರತೊಡಗಿತು. ಗೂಡಿನಿಂದ ಒಂದು ಹುಂಜ ಕುತ್ತಿಗೆ ಚಾಚಿತು. ಒಂದು ಕಾಲು ಹೊರಗಿಟ್ಟಿತು. ನಾನು ಸಂತೋಷದಿಂದ ಚಪ್ಪಾಳೆ ತಟ್ಟಿದೆ. ಅದು ಒಳಗೆ ಓಡಿತು.

“ಅಯ್, ಸುಮ್ಕಿರಿ ಭಾವ!” ತಿಮ್ಮಪ್ಪ ನನ್ನ ಕೈ ಹಿಡಿದು ಕಲ್ಲಿನ ಮೇಲೆ ಕೂರಿಸಿದರು. ತಲೆ ನರೆತ ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಕುಳಿತೆವು. ಹುಂಜ ಮತ್ತೆ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮೊದಲನೆಯದು ಹುಲ್ಲಿಗೆ ಕೊಕ್ಕು ಹಾಕಿದಾಗ ನನ್ನ ಕಣ್ಣು ಒದ್ದೆಯಾಯಿತು. ಮಗ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಹೀಗಾಗಿರಲಿಲ್ಲ.

ಮಧ್ಯಾಹ್ನ ಅವುಗಳಲ್ಲೊಂದು ಸಾರಾಯಿತು. ತಿಮ್ಮಪ್ಪ ಮುದ್ದೆ ಮುರಿದು, ಅದ್ದಿ ನುಂಗಿ, ತುಂಡೊಂದನ್ನು ಬಾಯಿಗಿಟ್ಟರು. “ಬಾಡು ಬೆಣ್ಣೆ ಇದ್ದಂಗೈತೆ ಭಾವ. ರುಚಿ ಮಾತ್ರ ನಮ್ ನಾಗಿ ಅರೆದ ಮಸಾಲೇದು.”

ಆ ಕೋಳಿ ಹುಲ್ಲು ಕಂಡದ್ದೇ ಅಂದು ಬೆಳಿಗ್ಗೆ. ಪಾಪ, ರುಚಿ ಎಲ್ಲಿಂದ ತರಬೇಕು?

ಕೈ ತೊಳೆದು ಎಲೆಯಡಿಕೆ ಹಾಕಿಕೊಳ್ಳುತ್ತ ತಿಮ್ಮಪ್ಪ ಹೇಳಿದರು: “ನಿಮ್ ಮಗನ್ಗೆ ನನ್ ಮಗ್ಳು ಕೊಡ್ತೀನಿ ಭಾವ. ಹುಡುಗನ್ ಬಗ್ಗೆ ಯೋಚ್ನೆ ಇರ್ಲಿಲ್ಲ. ನಿಮ್ದೇ ಇತ್ತು. ಕಚೇರಿ ಮನುಷ್ಯ, ಮನೇಲೂ ಬಿಗೀನೇ ಏನೋ ಅಂತ. ಕೋಳಿಗೇ ಅಷ್ಟು ನಯವಾಗಿ ಮಾತಾಡೋರು ಸೊಸೇನ ಗದರ್ತೀರಾ?”

ಸಂಜೆ ಅವರನ್ನು ಕಳಿಸಿ ಬಂದು ಎದೆಯುಬ್ಬಿಸಿ ನಿಂತೆ. “ಕೇಳಿದ್ಯಾ ನಿಮ್ಮಣ್ಣ ಏನಂದ್ರು?”

ನಾಗಮ್ಮ ಸೆರಗಿನಿಂದ ಆನಂದಬಾಷ್ಪ ಒರೆಸಿಕೊಂಡಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

“ಕೇಳೀನ್ರಿ. ನಿಮ್ಮ ನಯವಾದ ಮಾತೆಲ್ಲಾ ಹಿತ್ತಲದಾಗ ಖರ್ಚಾಗಿ ಹೋಗ್ತಾವ ಅಂತ ನಮ್ಮಣ್ಣಗ ಯಾರು ಹೇಳ್ಬೇಕ್ರಿ?”